ಗಿರಿಜಕ್ಕನ ದನಿಗೆ ಯಾರ ಕೈ

ಹುಬ್ಬಳ್ಳಿ
9 ಜೂನ್ 2024

ಪ್ರಿಯ ರೇಣುಕ,

ಲಕೋಟೆ ಹರಿಯುವಾಗ ಹುಷಾರು, ಒಳಗೆ ಪೆನ್‌ಡ್ರೈವ್ ಇದೆ. ಅದರಲ್ಲಿ ನನ್ನ ಎರಡು ವರ್ಷದ ಕೆಲಸ ಇದೆ. ವಾಟ್ಸಾಪಿನಲ್ಲಿ ಕಳಿಸಬಾರದಿತ್ತೇ ಅನ್ನುತ್ತೀಯ. ಅದು ಸದ್ದನ್ನು ಹಿಂಡಿ ಹಿಪ್ಪೆ ಮಾಡಿ ಮುಟ್ಟಿಸುತ್ತದೆ. ಫೋನು ಮಾಡೋಣವೆಂದರೆ ನಾವಿಬ್ಬರೂ ಮೂರನೇ ಮಾತಿಗೇ ಜಗಳಕ್ಕೆ ಬೀಳುತ್ತೇವೆ. ಅದಕ್ಕೇ ಈ ಕಾಗದ.

ವಿಷಯ ಇಷ್ಟು. ಶಾಲೆಯಲ್ಲಿ ಸಂಗೀತದ ಪಾಠ ಮುಗಿಸಿ ಬಂದ ಮೇಲೆ, ಸಂಜೆ ಹೊತ್ತು ನಾನೂ ಗೆಳೆಯ ಯೋಗೀಶನೂ ಕೂತು ಒಂದು ಸಾಫ್ಟ್‌ವೇರ್ ಮಾಡಿದ್ದೇವೆ. ಹೆಸರು ‘ಜೊತೆ’. ಹಾಡುವವರು ಮೊಬೈಲಿನಲ್ಲಿ ಶ್ರುತಿ, ತಾಳ, ನಡೆ ಇಷ್ಟನ್ನು ಒತ್ತಿದರೆ ತಬಲಾ ತಂಬೂರಿ ಎರಡೂ ಜೊತೆಗೆ ನುಡಿಯುತ್ತವೆ. ಕಂಪ್ಯೂಟರಿನ ಕೆಲಸವೆಲ್ಲ ಯೋಗೀಶನದು. ತಬಲಾದ ಧಾ, ಗೆ, ತಿನ್ ಅನ್ನುವ ಒಂದೊಂದು ಬೋಲೂ ನನ್ನ ಕೈಯದು.

ಕೊಳ್ಳುವವರು ಮೊದಲು ಕೇಳುವುದು ಡೆಮೊ. ಆ ಒಂದು ನಿಮಿಷ ಕಿವಿಗೆ ಹಿಡಿಸದಿದ್ದರೆ ಮಿಕ್ಕಿದ್ದನ್ನು ಯಾರೂ ಮುಟ್ಟುವುದಿಲ್ಲ. ಹಾಗಾಗಿ ನಿನ್ನ ಕಿವಿ ಬೇಕು. ಮರುಳಪ್ಪ ಮೇಷ್ಟ್ರು ನಿಮ್ಮ ಮನೆಯಲ್ಲಿ ನಮ್ಮಿಬ್ಬರನ್ನೂ ಒಟ್ಟಿಗೆ ಕೂರಿಸಿ ಪಾಠ ಹೇಳಿದರೂ, ಕಿವಿ ಅಂದರೆ ರೇಣುಕನದು ಅನ್ನುತ್ತಿದ್ದರು. ಕಾಯಿ ಅಲ್ಲಾಡಿಸಿಯೇ ಒಳಗೆ ಕೊಬ್ಬರಿ ಬಿಟ್ಟಿದೆಯೋ ಇಲ್ಲವೋ ಹೇಳುವ ಮನೆಯವನಲ್ಲವೇ ನೀನು. ಕೇಳಿ, ಮುಲಾಜಿಲ್ಲದೆ ನಿಜ ಬರೆ.

ಇನ್ನೊಂದು ಮಾತು. ಮೇಷ್ಟ್ರ ಮಗಳು ಗಿರಿಜಕ್ಕ ಒಂದು ವಚನ ಹಾಡಿ, ಆ ದನಿಗೆ ‘ಜೊತೆ’ಯ ತಬಲಾ ಕೂಡಿಸಿ ಡೆಮೊ ಮಾಡಬೇಕೆಂದು ನನ್ನ ಆಸೆ. ಇಷ್ಟು ವರ್ಷ ವೇದಿಕೆಯ ಮೇಲೆ ಅವರ ಪಕ್ಕದಲ್ಲಿ ಕೂತವನು ನೀನು. ನೀನೇ ಕೇಳಿ ನೋಡು, ನನಗೆ ಸಂಕೋಚ.

ನಿನ್ನ
ಮೋಹನ್ ಕುಮಾರ್


ಬಿಳಿಗೆರೆ
21 ಜೂನ್ 2024

ಮೋಹನ,

ಕೇಳಿದೆ. ಮೊಬೈಲಿನ ತೂತಿನಲ್ಲಲ್ಲ, ತಿಪಟೂರಿನ ಸೌಂಡ್ ಸಿಸ್ಟಮ್ ಸಿದ್ದಾರ್ಥನ ಹತ್ತಿರ ದೊಡ್ಡ ಹೆಡ್‌ಫೋನ್ ಇಸಿದುಕೊಂಡು ಬಂದು ಕೇಳಿದೆ. ನಿಜ ಬರೆ ಅಂದಿದ್ದೀಯ, ತಗೋ.

ಬಲಗೈ ಪರವಾಗಿಲ್ಲ. ಎಡಗೈಯ ಡಗ್ಗಾ ಮಾತ್ರ ಖಾಲಿ ಡ್ರಮ್ಮಿಗೆ ಒದ್ದ ಹಾಗಿದೆ. ‘ಗೆ’ ಅಂತ ಒತ್ತಿದರೆ ಅದು ದುಂಡಗೆ ಹುಟ್ಟಿ ಅಲ್ಲಿಗೇ ನಿಲ್ಲಬೇಕು. ನಿನ್ನದು ಎದ್ದು ಹೋಗಿ, ಮನೆಯೆಲ್ಲ ಸುತ್ತಿ, ಬಚ್ಚಲನ್ನೂ ನೋಡಿಕೊಂಡು ವಾಪಸು ಬರುತ್ತದೆ. ಅಷ್ಟರಲ್ಲಿ ಮುಂದಿನ ಬೋಲು ಬಂದು ಅದರ ಮೇಲೆ ಬೀಳುತ್ತದೆ. ತಂಬೂರಿಯ ಬಗ್ಗೆ ಹೇಳುವುದಿಲ್ಲ, ನಮ್ಮ ತೋಟದ ಜೀರುಂಡೆಗಳು ಬೇಜಾರು ಮಾಡಿಕೊಂಡಾವು.

ಇಂಪನಾ ಒಂದು ಕಿವಿಗೆ ಹೆಡ್‌ಫೋನ್ ಹಿಡಿದು ಕೇಳಿ, “ಚೆನ್ನಾಗೈತಲ್ಲ ಕಣ್ರೀ, ಮೋಹನಣ್ಣನ ಕೈ ಏನ್ ಸಲೀಸು” ಅಂದಳು. ಮನೆಯಲ್ಲಿರುವವನ ಕೈ ಯಾವ ಹೆಂಡತಿಗೂ ಸಲೀಸಾಗಿ ಕಂಡಿದ್ದಿಲ್ಲ. ಅವತ್ತು ನಾನು ಎರಡನೇ ಮುದ್ದೆ ಹಾಕಿಸಿಕೊಳ್ಳಲಿಲ್ಲ.

ಗಿರಿಜಕ್ಕನ ಗಂಟಲು ಕೆಟ್ಟಿದೆ, ಹಾಡಿಸುವ ಮಾತು ಸದ್ಯಕ್ಕೆ ಬೇಡ. ಅಲ್ಲದೆ ಒಂದು ಮಾತು ಯೋಚನೆ ಮಾಡು. ಅವರು ಒಂದೊಂದು ದಿನ ಒಂದೊಂದು ಕಡೆ ಉಸಿರು ತಗೊಳ್ಳುತ್ತಾರೆ. ಅದು ನನಗೆ ಅವರ ಭುಜ ನೋಡಿದರೆ ಗೊತ್ತಾಗುತ್ತದೆ. ನಿನ್ನ ಮೊಬೈಲು ಯಾರ ಭುಜ ನೋಡುತ್ತದೆ?

ರೇಣುಕಪ್ರಸಾದ್


ಹುಬ್ಬಳ್ಳಿ
14 ಜುಲೈ 2024

ಪ್ರಿಯ ರೇಣುಕ,

ನಿನ್ನ ಕಾಗದವನ್ನು ಯೋಗೀಶನಿಗೂ ಓದಿ ಹೇಳಿದೆ. ಬಚ್ಚಲಿನ ಮಾತಿಗೆ ಅವನು ಬಿದ್ದು ಬಿದ್ದು ನಕ್ಕ, ನಾನು ನಗಲಿಲ್ಲ. ನೀನು ಹೇಳಿದ್ದು ನಿಜ. ನಾನಿರುವುದು ಬಾಡಿಗೆ ಮನೆ, ಮೇಲೆ ಆರ್‌ಸಿಸಿ, ಕೆಳಗೆ ಟೈಲ್ಸು, ಸದ್ದು ಎಲ್ಲಿಗೆ ಹೋಗಬೇಕು ಹೇಳು. ಗೋಡೆಗೆಲ್ಲ ಕಂಬಳಿ, ಜಮಖಾನ ನೇತುಹಾಕಿ ಮತ್ತೆ ನುಡಿಸಿದೆ. ಈ ಮಳೆಯಲ್ಲಿ ಹೊದೆಯುವುದಕ್ಕೆ ಏನೂ ಉಳಿದಿಲ್ಲವೆಂದು ಅನಿತಾ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಸದ್ದು ಸ್ವಲ್ಪ ಸುಧಾರಿಸಿದೆ, ಪೂರ್ತಿ ಅಲ್ಲ. ಹೊಸದನ್ನೂ ಕಳಿಸಿದ್ದೇನೆ.

ಗಿರಿಜಕ್ಕನ ಗಂಟಲು ಈಗ ಚೆನ್ನಾಗಿದೆ. ಕೆಟ್ಟೇ ಇರಲಿಲ್ಲವಂತೆ. ಸಂಕೋಚ ಬಿಟ್ಟು ನಾನೇ ಫೋನು ಮಾಡಿದೆ. ಅಲ್ಲೇ ಎರಡು ಸಾಲು ಹಾಡಿದರು. ನಾನು ತೊಡೆಯ ಮೇಲೆ ತಾಳದ ಠೇಕಾ ಹಾಕುತ್ತ ನಿಂತೆ. ಡೆಮೊಗೆ ಹಾಡುತ್ತಾರಂತೆ, ಆದರೆ ತಬಲಾ ಸರಿಹೋದ ಮೇಲೆ. ಅಲ್ಲಿಯತನಕ ಅಭ್ಯಾಸಕ್ಕೆ ಇರಲಿ ಎಂದು ‘ಜೊತೆ’ಯನ್ನು ಅವರ ಮೊಬೈಲಿಗೂ ಹಾಕಿಸಿದ್ದೇನೆ.

ಹೇಳಿಬಿಡುತ್ತೇನೆ ರೇಣುಕ. ಮೇಷ್ಟ್ರು ತೀರಿಕೊಂಡ ಮೇಲೆ ಗಿರಿಜಕ್ಕ ತಮ್ಮ ಪಕ್ಕ ಕೂರುವುದಕ್ಕೆ ನಿನ್ನನ್ನು ಕರೆದರು. ನಾನು ಎದುರಿನ ಜಮಖಾನದ ಮೇಲೆ ಕೂತು ಕೇಳಿದೆ, ಆಮೇಲೆ ಕೆಲಸ ಹುಡುಕಿಕೊಂಡು ಈ ಕಡೆ ಬಂದೆ. ಇಷ್ಟು ವರ್ಷಕ್ಕೆ ನನ್ನ ಕೈಯೂ ಅವರ ದನಿಯ ಪಕ್ಕಕ್ಕೆ ಬಂತು. ಮೊಬೈಲಿನಲ್ಲಿ ಆದರೇನು.

ಮೋಹನ್


ಬಿಳಿಗೆರೆ
30 ಜುಲೈ 2024

ಶ್ರೀ ಮೋಹನ್ ಕುಮಾರ್ ಅವರಿಗೆ,

ನಿಮ್ಮ ಕಾಗದ ಬಂದ ಮಾರನೇ ದಿನ ತಿಪಟೂರಿಗೆ ಹೋಗಿದ್ದೆ. ಗಿರಿಜಕ್ಕನ ಮನೆ ಗೇಟು ತೆಗೆಯುವಾಗಲೇ ಒಳಗಿಂದ ತಬಲಾ ಕೇಳಿಸಿತು. ಅಕ್ಕ ಹಾಡುತ್ತಿದ್ದರು, ಪಕ್ಕದಲ್ಲಿ ಯಾರೋ ನುಡಿಸುತ್ತಿದ್ದರು. ಚಪ್ಪಲಿ ಬಿಡದೆ ಅಲ್ಲೇ ನಿಂತೆ. ಸ್ವಲ್ಪ ಹೊತ್ತಿಗೇ ಅದು ಯಾರ ಕೈ ಅಂತ ಗೊತ್ತಾಯಿತು. ತಾಳದ ಮೊದಲ ಪೆಟ್ಟಿಗೆ, ಸಮಕ್ಕೆ, ಬರುವ ಮುಂಚೆ ಸ್ವಲ್ಪ ಅವಸರ ಮಾಡುವ ನಿನ್ನ ಚಾಳಿ ಇನ್ನೂ ಹೋಗಿಲ್ಲ. ನೀವು ಗೀವು ಅಂತ ಬರೆಯುವುದು ನನ್ನಿಂದ ಆಗುವುದಿಲ್ಲ, ಬಿಡು.

ಒಳಗೆ ಹೋಗಿ, “ಏನಕ್ಕ ಇದು?” ಅಂದೆ.

“ನೀನು ಬರೋದು ಕಾರ್ಯಕ್ರಮ ಇದ್ರೆ ಮಾತ್ರ ಕಣಪ್ಪ. ಇದು ಬೆಳಿಗ್ಗೆ ಎದ್ದಾಗೆಲ್ಲ ಐತೆ,” ಅಂದರು. “ಸದ್ದು ಒಸಿ ಡಬ್ಬ ಡಬ್ಬ ಅನ್ನುತ್ತೆ. ಆದ್ರೂ ಮೋಹನನ ಕೈ ಮಾಗೈತೆ ಬುಡು.”

ನನ್ನ ಕೈ ಮಾಗಿದೆ ಅಂತ ಅವರು ಇಷ್ಟು ವರ್ಷದಲ್ಲಿ ಒಂದು ಸಲವೂ ಅಂದಿಲ್ಲ. ಹೊಟ್ಟೆ ಉರಿಯಿತು ಮೋಹನ, ಸುಳ್ಳು ಯಾಕೆ ಹೇಳಲಿ. ಕಾಫಿ ಕೊಟ್ಟರು, ಕುಡಿಯದೆ ಬಂದೆ. ಬಸ್ಸಿನಲ್ಲಿ ಬರುವಾಗ ಇನ್ನೊಂದು ವಿಷಯ ಯೋಚಿಸಿದೆ. ಹೆಂಡತಿ ಇನ್ನೊಬ್ಬರ ಕೈ ಹೊಗಳಿದರೆ ತಡೆದುಕೊಳ್ಳಬಹುದು. ಅಕ್ಕನ ಪಕ್ಕದ ಜಾಗ ನನ್ನದು. ಅಲ್ಲಿ ನೀನು ಕೂರಬಾರದು, ನಿನ್ನ ಮೊಬೈಲೂ ಕೂರಬಾರದು.

ಬಾಡಿಗೆ ಮನೆ, ಟೈಲ್ಸು ಅಂತೆಲ್ಲ ಬರೆದಿದ್ದೀಯ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸಿದ್ದಾರ್ಥನ ಮೈಕು ತಂದು ನಮ್ಮ ನಡುಮನೆಯಲ್ಲಿ, ನಾವು ಕಲಿತ ಅದೇ ಮೂಲೆಯಲ್ಲಿ ಕೂತು ನಾನೂ ನುಡಿಸಿದ್ದೇನೆ. ಕಂಬಳಿ ಕಟ್ಟಿಲ್ಲ, ಜಮಖಾನ ಕಟ್ಟಿಲ್ಲ. ಮೇಲೆ ಅಟ್ಟದ ತುಂಬ ಕಾಯಿ, ಅದರಲ್ಲಿ ಇಲಿ ಓಡಾಡುತ್ತದೆ, ಅದೇ ನಮ್ಮ ಸ್ಟುಡಿಯೋ. ಪೆನ್‌ಡ್ರೈವ್ ಇಟ್ಟಿದ್ದೇನೆ. ಡಗ್ಗಾ ಅಂದರೆ ಏನು ಅಂತ ಕೇಳು.

ರೇಣುಕಪ್ರಸಾದ್


ಹುಬ್ಬಳ್ಳಿ
2 ಸೆಪ್ಟೆಂಬರ್ 2024

ರೇಣುಕ,

ಕಾಗದ ಬರೆಯಲು ತಡವಾಯಿತು. ಬರೆಯುವ ಮನಸ್ಸಿರಲಿಲ್ಲ.

ನಿನ್ನದನ್ನೂ ನನ್ನದನ್ನೂ ಹೆಸರು ಹೇಳದೆ ಯೋಗೀಶನಿಗೆ ಕೇಳಿಸಿದೆ. ಅವನು ನಿನ್ನದನ್ನು ಎತ್ತಿಕೊಂಡ. ಮತ್ತೆ ಕೇಳಿಸಿದೆ, ಮತ್ತೆ ನಿನ್ನದನ್ನೇ ಎತ್ತಿಕೊಂಡ. “ಇದು ಪಕ್ಕದಲ್ಲೇ ಕೂತು ನುಡಿಸಿದ ಹಾಗಿದೆ, ಅದು ಪಕ್ಕದ ಮನೆಯಲ್ಲಿ ನುಡಿಸಿದ ಹಾಗಿದೆ,” ಅಂದ. ಗಿರಿಜಕ್ಕನಿಗೂ ಕಳಿಸಿದೆ. ಅವರ ಉತ್ತರ ಬರೆಯುವುದಿಲ್ಲ. ನೀನೇ ಕೇಳಿಕೊಂಡು ಖುಷಿಪಡು.

ಆದ್ದರಿಂದ ‘ಜೊತೆ’ಗೆ ಎಲ್ಲ ಬೋಲುಗಳನ್ನೂ ನಿನ್ನಿಂದಲೇ ತಗೊಳ್ಳುವುದು ಅಂತ ತೀರ್ಮಾನವಾಗಿದೆ. ಎಲ್ಲ ತಾಳ, ಮೂರು ಶ್ರುತಿ. ನನ್ನ ಎರಡು ವರ್ಷದ ಕೆಲಸವನ್ನು ಯೋಗೀಶ ಒಂದು ಗುಂಡಿ ಒತ್ತಿ ಅಳಿಸಿದ. ಅಕ್ಕ ನಿನ್ನ ಕೈಗೇ ಹಾಡುತ್ತಾರೆ. ಮೈಕು ಅದೇ ಇರಲಿ, ಮೂಲೆ ಅದೇ ಇರಲಿ.

ಈ ವರ್ಷ ಅಟ್ಟದ ಕಾಯಿ ಯಾವಾಗ ಇಳಿಸುತ್ತೀರಿ?

ಮೋಹನ್


ಬಿಳಿಗೆರೆ
26 ಸೆಪ್ಟೆಂಬರ್ 2024

ಪ್ರೀತಿಯ ಮೋಹನ,

ನಿನ್ನ ಕಾಗದವನ್ನು ಇಂಪನಾಳ ಕೈಲಿ ಜೋರಾಗಿ ಓದಿಸಿದೆ. ‘ಮತ್ತೆ ನಿನ್ನದನ್ನೇ’ ಅನ್ನುವುದನ್ನು ಎರಡು ಸಲ ಓದಿಸಿದೆ. ಬೇಜಾರು ಮಾಡಿಕೊಳ್ಳಬೇಡ. ಮೇಷ್ಟ್ರು ಇಬ್ಬರಿಗೂ ಒಂದೇ ಪಾಠ ಹೇಳಿದರು, ನೀರು ಒಂದೇ ಆದರೂ ಎಲ್ಲ ಮರವೂ ಒಂದೇ ಸಮ ಕಾಯಿ ಬಿಡುವುದಿಲ್ಲವಲ್ಲ.

ಕಾಯಿ ವಿಷಯ ಕೇಳಿದ್ದೀಯ. ಕೊಬ್ಬರಿ ರೇಟು ಏರಿತು ನೋಡು, ಅಪ್ಪ ತಡೆಯಲಿಲ್ಲ. ಒಂದು ವರ್ಷದಿಂದ ಮಲಗಿದ್ದವನ್ನೆಲ್ಲ ಇಳಿಸಿ, ಸುಲಿಸಿ, ತಿಪಟೂರು ಮಾರ್ಕೆಟ್ಟಿಗೆ ಹಾಕಿದರು. ತೋಂಟದಾರ್ಯಪ್ಪನವರ ಕೊಬ್ಬರಿ ಅಂದರೆ ಈಗಲೂ ವರ್ತಕರು ಎದ್ದು ಬರುತ್ತಾರೆ ಅಂತ ಮೀಸೆ ತಿರುವಿಕೊಂಡು ಓಡಾಡುತ್ತಿದ್ದಾರೆ. ಅಟ್ಟ ಖಾಲಿ, ಇಲಿ ಕಾಟ ಇಲ್ಲ, ಧೂಳು ಉದುರುವುದಿಲ್ಲ. ಇಂಪನಾ ನಡುಮನೆಗೆ ಸುಣ್ಣ ಹೊಡೆಸಿ, ಹಳೇ ಚೀಲಗಳನ್ನೆಲ್ಲ ಹೊರಗೆ ಹಾಕಿಸಿದಳು. ನಿನ್ನ ಕೆಲಸಕ್ಕೆ ಅಂತಲೇ ಮನೆ ಮದುಮಗಳ ಹಾಗೆ ಆಗಿದೆ. ಎಲ್ಲ ಬೋಲೂ ನುಡಿಸಿದ್ದೇನೆ. ಇಷ್ಟು ನಿರಾಳವಾಗಿ ನಾನು ಎಂದೂ ನುಡಿಸಿಲ್ಲ.

ಇನ್ನು ನೀನು ಗುಂಡಿಗಳನ್ನು ಚೆನ್ನಾಗಿ ಜೋಡಿಸು. ಅದೂ ಒಂದು ಕಲೆಯೇ.

ನಿನ್ನ
ರೇಣುಕ


ಹುಬ್ಬಳ್ಳಿ
14 ಅಕ್ಟೋಬರ್ 2024

ರೇಣುಕ,

ದಸರಾ ಹಬ್ಬಕ್ಕೆ ಮೊದಲೇ ನಿನ್ನ ಬೋಲುಗಳನ್ನು ಹಾಕಿ ಡೆಮೊ ಮಾಡಿದೆವು. ಅದನ್ನು ಕಿವಿಗಿಟ್ಟುಕೊಂಡು ಹಾಡಲು ಗಿರಿಜಕ್ಕ ಕೂತರು. ಒಂದು ಸಾಲು ಹಾಡಿ ಹೆಡ್‌ಫೋನ್ ತೆಗೆದಿಟ್ಟರಂತೆ. ನನಗೆ ಫೋನು ಮಾಡಿ, “ಇದು ಯಾರ ಕೈಯಪ್ಪ? ರೇಣುಕಂದಲ್ಲ ಬುಡು. ಬಾವಿ ಒಳಗೆ ಕೂತು ಬಾರಿಸಿದಂಗೈತೆ,” ಅಂದರು. ನಿನ್ನದೇ ಎಂದೆ. ನಂಬಲಿಲ್ಲ.

ಯೋಗೀಶನೂ ಅದೇ ಹೇಳಿದ. ಡಗ್ಗಾದ ಸದ್ದು ನಿಲ್ಲುತ್ತಿಲ್ಲ. ನನ್ನ ಟೈಲ್ಸ್ ಮನೆಯ ಡಗ್ಗಾಕ್ಕಿಂತ ಹೆಚ್ಚು ತಿರುಗಾಡುತ್ತದೆ. ಶಿವರಾತ್ರಿಗೆ ಡೆಮೊ ಹೊರಗೆ ಬರಬೇಕು. ಅಷ್ಟರೊಳಗೆ ಸರಿಹೋಗದಿದ್ದರೆ ನಾನೇ ಮತ್ತೆ ನುಡಿಸಿದ್ದನ್ನು ಹಾಕುವುದು ಎಂದು ಅವನ ಅಭಿಪ್ರಾಯ. ನಾನು ಬೇಡ ಅನ್ನಲಿಲ್ಲ.

ಮೋಹನ್


ಬಿಳಿಗೆರೆ
19 ಅಕ್ಟೋಬರ್ 2024

ಮೋಹನ್ ಕುಮಾರ್,

ಏನು ಮಾಡಿದೆ ನನ್ನ ಸದ್ದಿಗೆ?

ಕಂಪ್ಯೂಟರು ನಿನ್ನ ಕೈಯಲ್ಲಿದೆ, ಯೋಗೀಶ ನಿನ್ನವನು. ಯಾವ ಗುಂಡಿ ಒತ್ತಿದರೆ ಬಾವಿ ಬರುತ್ತದೆ ಅನ್ನುವುದು ನನಗೇನು ಗೊತ್ತು. ಮೊದಲನೇ ಸಲ ಚೆನ್ನಾಗಿತ್ತು, ಯಾಕೆಂದರೆ ಆಗ ನಿನಗೆ ನನ್ನ ಕೈ ಎಂಥದ್ದು ಅಂತ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಕೆಟ್ಟಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಅಮ್ಮಸಂದ್ರದಿಂದ ಸೈಕಲ್ಲು, ಬಸ್ಸು ಹಿಡಿದು ಬಂದು ನಮ್ಮ ಮನೆಯಲ್ಲಿ ಕೂತು, ನಮ್ಮಮ್ಮನ ಕೈಯ ರೊಟ್ಟಿ ತಿಂದು ಕಲಿತವನು ನೀನು. ಹೊಟ್ಟೆಕಿಚ್ಚಿಗೂ ಒಂದು ಮಿತಿ ಇರಬೇಕು.

ಅಕ್ಕ ನನ್ನ ಕೈಯನ್ನು ನನ್ನದಲ್ಲ ಅಂದರು. ಅದನ್ನು ಅನ್ನಿಸಿದವನು ನೀನು. ಇನ್ನು ಮೇಲೆ

22 ಅಕ್ಟೋಬರ್

ಮೇಲಿನದನ್ನು ಬರೆಯುತ್ತಿರುವಾಗ ಗಿರಿಜಕ್ಕನ ಫೋನು ಬಂತು, ಮನೆಗೆ ಬರುತ್ತೇನೆ ಅಂದರು. ಇವತ್ತು ಬಂದಿದ್ದರು. ಬಾಗಿಲು ದಾಟಿ ನಡುಮನೆಗೆ ಕಾಲಿಟ್ಟು, “ಇಂಪನಾ, ನೀರು ಕೊಡವ್ವ” ಅಂದರು. ಅಂದವರು ಹಾಗೇ ನಿಂತುಬಿಟ್ಟರು. ತಮ್ಮ ದನಿ ತಮಗೇ ವಾಪಸು ಬಂದಿತ್ತು. ಒಂದು ಸಲ ಚಪ್ಪಾಳೆ ತಟ್ಟಿದರು. ತಲೆಯೆತ್ತಿ ಮೇಲೆ ನೋಡಿದರು.

“ಕಾಯಿ ಎಲ್ಲಿ?” ಅಂದರು.

“ಇಳಿಸಿ ಮಾರಿದ್ವಿ ಕಣವ್ವ, ಒಳ್ಳೇ ರೇಟು ಬಂತು,” ಅಂದರು ಅಪ್ಪ.

“ಕೊಬ್ಬರಿ ಜೊತೆ ಇವನ ಡಗ್ಗಾನೂ ಮಾರಿದ್ದೀರ ಬುಡಿ.”

ಆಮೇಲೆ ಕೂತು ಹೇಳಿದರು. ನಮ್ಮ ಅಟ್ಟಕ್ಕೆ ಹಲಗೆ ಇಲ್ಲ, ಸಂದು ಬಿಟ್ಟು ಹಾಸಿದ ಅಡಿಕೆ ದಬ್ಬೆ ಅಷ್ಟೆ. ಮೇಲೆ ಸಿಪ್ಪೆ ಸಮೇತ ಕಾಯಿ ತುಂಬಿದ್ದರೆ ಸದ್ದೆಲ್ಲ ಆ ನಾರಿನೊಳಗೆ ಹೋಗಿ ಅಲ್ಲೇ ಅಡಗುತ್ತದೆ. ಖಾಲಿ ಇದ್ದರೆ ಹೆಂಚಿಗೆ ಬಡಿದು ಕೆಳಗೆ ಬರುತ್ತದೆ. ಮೇಷ್ಟ್ರು ತಿಪಟೂರಿನ ತಮ್ಮ ಮನೆ ಬಿಟ್ಟು ಇಷ್ಟು ದೂರ ಬಂದು ಇಲ್ಲಿ ಪಾಠ ಹೇಳುತ್ತಿದ್ದುದು ಅದಕ್ಕಂತೆ. ನಮ್ಮ ಅಪ್ಪನ ಸ್ನೇಹಕ್ಕೆ ಅಂತ ನಾನು ತಿಳಿದುಕೊಂಡಿದ್ದೆ. ಅಪ್ಪನೂ ಹಾಗೇ ತಿಳಿದುಕೊಂಡಿದ್ದರು, ಪಾಪ.

“ನಂಗ್ಯಾಕೆ ಹೇಳಲಿಲ್ಲ ಮೇಷ್ಟ್ರು?” ಅಂದೆ.

“ನೀನು ಕೇಳಲಿಲ್ಲ. ಮೋಹನ ಕೇಳಿದ್ದ, ಅವನಿಗೆ ಹೇಳಿದ್ರು.”

ಅಂದರೆ ನಿನಗೆ ಗೊತ್ತಿತ್ತು. ಮೇಲಿನ ಅರ್ಧ ಕಾಗದವನ್ನು ಹರಿಯಬೇಕು ಅಂದುಕೊಂಡೆ, ಹರಿದಿಲ್ಲ. ಕೆಡಿಸಲಿಲ್ಲ ನೀನು, ಸರಿ. ಕೆಡುವುದನ್ನು ನೋಡುತ್ತ ಕೂತಿದ್ದೆ.

ಅದಕ್ಕಿಂತ ಹೆಚ್ಚಾಗಿ ಒಂದು ಮಾತು ನನ್ನನ್ನು ಕೊರೆಯುತ್ತಿದೆ. ಯೋಗೀಶ ಎತ್ತಿಕೊಂಡಿದ್ದು ನನ್ನ ಕೈಯನ್ನೋ, ನಮ್ಮಪ್ಪನ ಕಾಯಿಯನ್ನೋ?

ರೇಣುಕ


ಹುಬ್ಬಳ್ಳಿ
4 ನವೆಂಬರ್ 2024

ಲೇ ರೇಣುಕ,

ತಾ ಕಳ್ಳ, ಪರರ ನಂಬ ಅನ್ನುವುದು ನಿನ್ನಂಥವರನ್ನು ನೋಡಿಯೇ. ಗಂಟಲು ಕೆಟ್ಟಿದೆ ಅಂದವನು ಯಾರು? ಅಟ್ಟದ ಕಾಯಿ ಯಾವಾಗ ಇಳಿಸುತ್ತೀರಿ ಅಂತ ನಾನು ಕೇಳಿದ್ದೆ. ನೀನು ಕೊಬ್ಬರಿ ರೇಟು ಬರೆದೆ, ನಿಮ್ಮಪ್ಪನ ಮೀಸೆ ಬರೆದೆ, ಸುಣ್ಣ ಬರೆದೆ. ಇಳಿಸಬೇಡ ಅಂತ ಇನ್ನೊಂದು ಸಾಲು ಬರೆಯಬಹುದಿತ್ತು. ಪೆನ್ನು ಹಿಡಿದೇ ಕೂತಿದ್ದೆ, ಬರೆಯಲಿಲ್ಲ. ‘ಗುಂಡಿ ಜೋಡಿಸುವುದೂ ಒಂದು ಕಲೆಯೇ’ ಅಂತ ಓದಿದಾಗ, ಬರೆಯದಿದ್ದದ್ದೇ ಒಳ್ಳೆಯದಾಯಿತು ಅನ್ನಿಸಿತು.

ಮೇಷ್ಟ್ರನ್ನು ನಾನು ಯಾಕೆ ಕೇಳಿದೆ ಗೊತ್ತೇ? ನಮ್ಮದು ಅಮ್ಮಸಂದ್ರದಲ್ಲಿ ತಗಡಿನ ಮನೆ. ನಿಮ್ಮಲ್ಲಿ ಪಾಠ ಮುಗಿಸಿ ಹೋಗಿ ಅದನ್ನೇ ನುಡಿಸಿದರೆ ಡಬ್ಬದ ಸದ್ದು. ಅಪ್ಪ ಫ್ಯಾಕ್ಟರಿಯಿಂದ ಬಂದವರು, “ಇನ್ನೂ ಕಲೀಲಿಲ್ವೇನ್ಲಾ?” ಅನ್ನುತ್ತಿದ್ದರು. ನಾಲ್ಕು ವರ್ಷ ನನ್ನ ಕೈಯೇ ಕೆಟ್ಟದ್ದು ಅಂದುಕೊಂಡಿದ್ದೆ. ನಿನ್ನ ಕೈ ದೇವರು ಕೊಟ್ಟದ್ದು, ನನ್ನದಕ್ಕೆ ಬರುವುದಿಲ್ಲ ಅಂತ. ಕೊನೆಗೆ ತಡೆಯಲಾರದೆ ಕೇಳಿದೆ. ಮೇಷ್ಟ್ರು ಬೆರಳೆತ್ತಿ ನಿಮ್ಮ ಅಟ್ಟ ತೋರಿಸಿ ನಕ್ಕರು. ನನಗೆ ನಗು ಬರಲಿಲ್ಲ. ಅವತ್ತಿನಿಂದ ನಾನು ಕರುಬಿದ್ದು ನಿನ್ನ ಕೈಗಲ್ಲ ರೇಣುಕ, ನಿನ್ನ ಅಟ್ಟಕ್ಕೆ. ಅದರ ಕೆಳಗೆ ಹುಟ್ಟಿ, ಅದರ ಕೆಳಗೇ ಮಲಗಿ, ಎಲ್ಲವೂ ನಿನ್ನ ಕೈಯಿಂದಲೇ ಬಂತು ಅಂದುಕೊಂಡವನು ನೀನು.

ನೀನು ಕೇಳಿದ ಪ್ರಶ್ನೆ, ಕೈಯೋ ಕಾಯಿಯೋ ಅನ್ನುವುದು, ನನಗೂ ನಿದ್ದೆ ಕೊಡುತ್ತಿಲ್ಲ. ಹೊಸ ಕಾಯಿ ಕಿತ್ತಾಗ ಮಾರಬೇಡಿ. ಅಟ್ಟ ತುಂಬಿಸಿ. ನಾನು ಬರುತ್ತೇನೆ. ಆ ಮೂಲೆಯಲ್ಲಿ ನಾನೂ ಒಂದು ಸಲ ಮೈಕಿನ ಮುಂದೆ ಕೂರಬೇಕು.

ಮೋಹನ


ಬಿಳಿಗೆರೆ
12 ಜನವರಿ 2025

ಮೋಹನ,

ನಿನ್ನ ಕಾಗದಕ್ಕೆ ಅವತ್ತೇ ಉತ್ತರ ಬರೆಯಲು ಕೂತೆ. ತಗಡಿನ ಮನೆಯ ಮಾತು ಬಂದ ಕಡೆ ಪೆನ್ನು ನಿಂತಿತು. ಆಮೇಲೆ ಕಾಗದ ಬಿಟ್ಟು ಕಾಯಿ ಹೊರಿಸಿದೆ.

ಅಟ್ಟ ತುಂಬಿದೆ. ಒಳಗಿನ ನೀರು ಇಂಗಿ ಕೊಬ್ಬರಿಯಾಗಲು ವರ್ಷ ಬೇಕು, ಆದರೆ ನಮಗೆ ಬೇಕಿರುವುದು ಸಿಪ್ಪೆಯ ನಾರು. ಕೊನೆಯ ಸಾಲು ಜೋಡಿಸಿ ಇಳಿದು ಒಂದು ಸಲ ‘ಗೆ’ ಅಂತ ಒತ್ತಿದೆ. ದುಂಡಗೆ ಹುಟ್ಟಿ ಅಲ್ಲೇ ನಿಂತಿತು. ಅಪ್ಪ ಜಗಲಿಯಿಂದಲೇ, “ಬಂತಾ ನಿನ್ನ ಕೈ?” ಅಂತ ಕೂಗಿದರು. ಈಗ ಮನೆಯಲ್ಲಿ ನನಗೆ ಇದೇ ಮರ್ಯಾದೆ.

ಸಂಕ್ರಾಂತಿ ಕಳೆದ ಮೇಲೆ ಬಂದುಬಿಡು. ಒಂದೇ ಜೋಡಿ ತಬಲಾ, ಒಂದೇ ಮೈಕು, ಒಂದೇ ಅಟ್ಟ. ಮೊದಲು ನಾನು ನುಡಿಸುತ್ತೇನೆ, ಆಮೇಲೆ ನೀನು, ಅಥವಾ ಹಿಂದುಮುಂದು. ಅದನ್ನು ಇಂಪನಾ ಹೇಳುತ್ತಾಳೆ. ಗಿರಿಜಕ್ಕ ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಹೆಡ್‌ಫೋನಿನಲ್ಲಿ ಕೇಳುತ್ತಾರೆ, ಮೊದಲು ಯಾರು ಅಂತ ಅವರಿಗೆ ಗೊತ್ತಿರುವುದಿಲ್ಲ. ಅವರು ಯಾವುದಕ್ಕೆ ಹಾಡುತ್ತೇನೆ ಅನ್ನುತ್ತಾರೋ ಅದೇ ಡೆಮೊಗೆ, ಅದೇ ‘ಜೊತೆ’ಗೆ. ಆರಿಸಿದ್ದು ಯಾರ ಕೈ ಅಂತ ಆಮೇಲೆ ಇಂಪನಾ ಅವರ ಕಿವಿಯಲ್ಲಿ ಹೇಳುತ್ತಾಳೆ. ಸಮಕ್ಕೆ ಮುಂಚೆ ಅವಸರ ಮಾಡಬೇಡ ಅಂತ ಬರೆದು, ಯಾಕೆ ಹೇಳಬೇಕು ಅಂತ ಹೊಡೆದುಹಾಕಿದ್ದೆ. ಮತ್ತೆ ಬರೆದಿದ್ದೇನೆ. ಅವಸರ ಮಾಡಬೇಡ.

ಈಗ ನನಗೆ ಭಯ ಶುರುವಾಗಿದೆ. ಹಿಂದೆಲ್ಲ ನಾನು ಗೆದ್ದಾಗ ನಿನಗೆ ನೆಲ ಡೊಂಕಿತ್ತು. ಈ ಸಲ ಇಬ್ಬರಿಗೂ ನೆಲ ಒಂದೇ.

ಅವರು ನಿನ್ನ ಕೈ ಆರಿಸಿದರೆ ಊಟ ಆದ ಮೇಲೆ ಹೇಳಿ, ನನ್ನದಾದರೆ ಮೊದಲೇ ಹೇಳಿಬಿಡಿ ಅಂತ ಅಕ್ಕನನ್ನು ಕೇಳಿಕೊಂಡಿದ್ದೇನೆ. ಇಂಪನಾ ಒಬ್ಬಟ್ಟು ಮಾಡುತ್ತಾಳೆ, ಅದನ್ನು ನೆಮ್ಮದಿಯಾಗಿ ತಿನ್ನಬೇಕು ಅಂತ ಆಸೆ. ಹಾಗಾದರೆ ಅಕ್ಕ ಸುಮ್ಮನೆ ಬಂದು ಕೂತರೇ ಗೊತ್ತಾಗಿಹೋಗುತ್ತಲ್ಲ ಅಂತ ಇಂಪನಾ ನಗುತ್ತಾಳೆ. ಗೊತ್ತಾಗಲಿ. ಅಕ್ಕ ಏನೂ ಹೇಳದೆ ಎಲೆಯ ಮುಂದೆ ಬಂದು ಕೂತರೆ, ನೀನು ಮಾತ್ರ ನನ್ನ ಮುಖ ನೋಡಬೇಡ.

ರೇಣುಕ